ಪರರ ನಷ್ಟಕ್ಕೆ ನಮ್ಮ ಹೊಣೆ

ಮನೆಗೂ ಅಂಗಡಿಯ ಸರಕಿಗೂ ವಿಮೆ ಮಾಡಿಸುವುದನ್ನು ನಾವು ಬಲ್ಲೆವು. ನಮ್ಮ ಕೆಲಸದಿಂದ ಪರರಿಗೆ ಆಗುವ ಹಾನಿಗೂ ವಿಮೆಯುಂಟೆಂಬುದನ್ನು ಎಷ್ಟು ಮಂದಿ ಮೇಸ್ತ್ರಿಗಳು ಬಲ್ಲರು?

ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ರೈಲಂಡ್ಸ್ ಎಂಬ ಗಿರಣಿಯ ಯಜಮಾನ, ನುರಿತ ಇಂಜಿನಿಯರನನ್ನೂ ಗುತ್ತಿಗೆದಾರರನ್ನೂ ನೇಮಿಸಿ ಒಂದು ಜಲಾಶಯ ಕಟ್ಟಿಸಿದ. ನೆಲ ಅಗೆಯುವಾಗ ಹಳೆಯ ಗಣಿಬಾವಿಗಳು ಸಿಕ್ಕವು. ಗುತ್ತಿಗೆದಾರರು ಅವನ್ನು ಭದ್ರಪಡಿಸದೆ ಬಿಟ್ಟರು. 1860ರ ಡಿಸೆಂಬರಿನಲ್ಲಿ ನೀರು ಅವುಗಳ ಮೂಲಕ ಇಳಿದು ಫ್ಲೆಚರ್ ಎಂಬವನ ಗಣಿಗೆ ನುಗ್ಗಿತು. ಯಜಮಾನನಿಗೆ ಬಾವಿಗಳ ಸುಳಿವೇ ಇರಲಿಲ್ಲ. ಆದರೂ 1868ರಲ್ಲಿ ಲಾರ್ಡ್ಸ್ ಸಭೆ ನಷ್ಟ ತುಂಬುವ ಹೊಣೆಯನ್ನು ಅವನ ತಲೆಗೇ ಕಟ್ಟಿತು. ಅಪಾಯಕಾರಿ ಉದ್ಯಮಗಳ ಮಟ್ಟಿಗೆ ನಮ್ಮ ಸುಪ್ರೀಂ ಕೋರ್ಟು 1986ರಲ್ಲಿ ಇದಕ್ಕಿಂತಲೂ ಬಿಗಿಯಾದ ನಿಯಮವನ್ನು ವಿಧಿಸಿತು.

ಸಾರುವೆಯಿಂದ ಇಟ್ಟಿಗೆ ಬಿದ್ದು ದಾರಿಹೋಕನ ತಲೆಯೊಡೆದರೆ ಮೇಸ್ತ್ರಿಯ ವರ್ಷದ ಸಂಪಾದನೆಯೆಲ್ಲ ಪರಿಹಾರಕ್ಕೂ ವಕೀಲರಿಗೂ ಹೋದೀತು. ಹೊಣೆಗಾರಿಕೆಯ ವಿಮೆ ಸಾಮಾನ್ಯವಾಗಿ ಗೊತ್ತಾದ ಮಿತಿಯೊಳಗೆ ಇವೆರಡನ್ನೂ ಹೊರುತ್ತದೆ. ತನ್ನದೇ ಕೂಲಿಯಾಳಿಗೆ ಗಾಯವಾದರೆ ಅದಕ್ಕೆ ಬೇರೆ ಪಾಲಿಸಿ ಬೇಕು. ತಾನು ಕಟ್ಟಿದ ಗೋಡೆ ಸೊಟ್ಟಗಾಗಿ ಮತ್ತೆ ಕಟ್ಟಬೇಕಾದರೆ ಆ ಖರ್ಚನ್ನು ವಿಮೆಯವರು ಕೊಡರು, ಕೊಡದಿರುವುದೇ ನ್ಯಾಯ.

ಅಪಘಾತವಾದೊಡನೆ ಕಂಪೆನಿಗೆ ಬರೆದು ತಿಳಿಸಬೇಕು. ಅದರ ಒಪ್ಪಿಗೆಯಿಲ್ಲದೆ 'ಇಷ್ಟು ಹಣ ಕೊಡುತ್ತೇನೆ' ಎಂದು ಕಾಗದ ಬರೆದುಕೊಟ್ಟರೆ ಕಂಪೆನಿ ಕೈತೊಳೆದುಕೊಂಡೀತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲು ಮಾತ್ರ ಯಾರ ಒಪ್ಪಿಗೆಗೂ ಕಾಯಬೇಕಾಗಿಲ್ಲ.