ಒಲೆಗೆ ಗಾಳಿ, ಎಂಜಿನ್‌ಗೆ ಹದ
(ಬೊಕ್ಕಾಪುರಂ ಕಲಿಕೆ ಕೇಂದ್ರದಲ್ಲಿ ಆಡಿದ ಮಾತು)



ನಿಮ್ಮಲ್ಲಿ ಕೆಲವರು ಗಾಡಿ ಓಡಿಸ್ತೀರಿ. ಕೆಲವರ ಮನೆಯಲ್ಲಿ ಹಳೆ ಬೈಕ್ ಇದೆ. ಮಾರಿಯಮ್ಮನ ಜಾತ್ರೆ ಬಂತು ಅಂದರೆ ಶೆಡ್ಡಿನಲ್ಲಿ ಮಲಗಿದ್ದ ವ್ಯಾನೂ ಎದ್ದು ಬರುತ್ತೆ. ಅದಕ್ಕೇ ಇವತ್ತು ಕಾರ್ಬರೇಟರ್ ಬಗ್ಗೆ ಮಾತಾಡೋಣ.

ಮೊದಲು ನಮ್ಮ ಮನೆಯ ಕಥೆ ಕೇಳಿ. ನಮ್ಮದೊಂದು ಹಳೆ ಪೆಟ್ರೋಲ್ ವ್ಯಾನ್ ಇತ್ತು. ಮಸಿನಗುಡಿಯಲ್ಲಿ ಚೆನ್ನಾಗೇ ಓಡ್ತಿತ್ತು. ಒಂದು ದಿನ ಅಮ್ಮನಿಗೆ ಹುಷಾರಿಲ್ಲ ಅಂತ ಊಟಿಗೆ ಹೊರಟೆವು. ಕಲ್ಲಟ್ಟಿ ರಸ್ತೆಯಲ್ಲಿ 36 ಕಡಿದಾದ ತಿರುವು. ಅರ್ಧ ಏರುವಷ್ಟರಲ್ಲಿ ಹಿಂದೆ ಕಪ್ಪು ಹೊಗೆ. ಗಾಡಿ ಜಗ್ಗಿ ಜಗ್ಗಿ ತಿರುವಿನಲ್ಲೇ ನಿಂತಿತು. ಒಳಗೆ ಅಮ್ಮ ನರಳ್ತಾ ಇದ್ದಾರೆ. ಹೇಗೋ ಊಟಿ ಸೇರಿದೆವು. ಅಲ್ಲಿ ಒಬ್ಬ ಮೆಕ್ಯಾನಿಕ್ ಸಣ್ಣ ಜೆಟ್ ಹಾಕಿ, ಸ್ಕ್ರೂ ತಿರುಗಿಸಿ ಕೊಟ್ಟರು. ಹೊಗೆ ನಿಂತಿತು. ಕೆಳಗೆ ಬಂದ ಮೇಲೆ ಎಂಜಿನ್ ವಿಪರೀತ ಬಿಸಿಯಾಯ್ತು. ಹಳೆ ಜೆಟ್ಟಿನ ನಂಬರ್ ಎಷ್ಟು? ಸ್ಕ್ರೂ ಎಷ್ಟು ಸುತ್ತು ತಿರುಗಿತು? ಯಾರೂ ಬರೆದಿಟ್ಟಿರಲಿಲ್ಲ. ದುಡ್ಡು ಎರಡು ಸಲ ಹೋಯ್ತು.

ಯಾಕೆ ಹೀಗಾಯ್ತು?

ಸೌದೆ ಒಲೆ ನೆನೆಸಿಕೊಳ್ಳಿ. ಸೌದೆ ತುಂಬಿ, ಗಾಳಿ ಆಡದಿದ್ದರೆ ಹೊಗೆ. ಊದುಗೊಳವೆಯಿಂದ ಊದಿದರೆ ಉರಿ. ಎಂಜಿನ್ ಒಳಗೂ ಅದೇ. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕಿಲೋ ಗಾಳಿ ಬೇಕು. ಈ ಎರಡನ್ನೂ ಬೆರೆಸಿ ಕೊಡೋದೇ ಕಾರ್ಬರೇಟರ್. ಜೆಟ್ ಅಂದರೆ ಅದರೊಳಗಿನ ಸಣ್ಣ ಹಿತ್ತಾಳೆ ತೂತು. ಪೆಟ್ರೋಲ್ ಅದರಿಂದಲೇ ಬರಬೇಕು.

ಊಟಿ ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರ. ಮಸಿನಗುಡಿ ಅದಕ್ಕಿಂತ ಒಂದು ಸಾವಿರ ಮೀಟರಿಗೂ ಹೆಚ್ಚು ಕೆಳಗಿದೆ. ಮೇಲೆ ಹೋದಷ್ಟೂ ಗಾಳಿ ತೆಳು. ಜೆಟ್ಟಿನ ತೂತು ಮಾತ್ರ ಅಷ್ಟೇ ಇರುತ್ತೆ. ಹಾಗಾಗಿ ಗಾಳಿಗೆ ಪೆಟ್ರೋಲ್ ಜಾಸ್ತಿಯಾಗಿ ಕಪ್ಪು ಹೊಗೆ ಬರುತ್ತೆ. ಮೇಲಿನ ಹದದಲ್ಲಿ ಕೆಳಗೆ ಬಂದರೆ ಪೆಟ್ರೋಲ್ ಕಡಿಮೆಯಾಗುತ್ತೆ. ಎಂಜಿನ್ ಕಾಯುತ್ತೆ.

ರೇಸ್ ಕಾರಿಗೂ ಇದೇ ಪಾಠ. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ ಇಟ್ಟು ‘ಫಾರ್ಮುಲಾ ಮಾರುತಿ’ ಎಂಬ ಒಂಟಿ ಸೀಟಿನ ರೇಸ್ ಕಾರು ಮಾಡಿದರು. ಎಂಜಿನ್ ಬರೀ 796 ಸಿ.ಸಿ. ಅಂಥ ಸಣ್ಣ ಎಂಜಿನ್ನಿಂದ ಪೂರ್ತಿ ಶಕ್ತಿ ತೆಗೆಯೋಕೆ ಹದ ಸರಿ ಇರಲೇಬೇಕು. ಜೋರಾಗಿ ಓಡುವಾಗ 1 ಪಾಲು ಪೆಟ್ರೋಲಿಗೆ ಗಾಳಿ ಸುಮಾರು 13 ಪಾಲಿಗೆ ಇಳಿಸ್ತಾರೆ. ಪೆಟ್ರೋಲ್ ತೀರಾ ಕಡಿಮೆಯಾದರೆ ಪಿಸ್ಟನ್ನೇ ಸುಟ್ಟು ತೂತಾಗಬಹುದು.

ನಿಂತಲ್ಲಿ ಓಡುವ ಎಂಜಿನ್ ಹದ ಮಾಡೋದು ಹೀಗೆ:

1. ಗಾಳಿ ಫಿಲ್ಟರ್ ಶುಚಿ ಮಾಡಿ. ಧೂಳು ಕಟ್ಟಿದ್ದರೆ ಸ್ಕ್ರೂ ಮುಟ್ಟಬೇಡಿ. ತಪ್ಪು ಅಲ್ಲೇ ಇರಬಹುದು.
2. ಎಂಜಿನ್ ನಿಲ್ಲಿಸಿ. ಮಿಶ್ರಣದ ಸ್ಕ್ರೂ ಮೆಲ್ಲಗೆ ಒಳಕ್ಕೆ ತಿರುಗಿಸಿ, ಸುತ್ತು ಎಣಿಸಿ. ತಗುಲಿದ ಕೂಡಲೇ ನಿಲ್ಲಿಸಿ. ಬಿಗಿದರೆ ತುದಿ ಹಾಳು.
3. ಆ ಸಂಖ್ಯೆ ಬರೆದುಕೊಂಡು, ಸ್ಕ್ರೂ ಮೊದಲಿನ ಜಾಗಕ್ಕೇ ತನ್ನಿ.
4. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಚೋಕ್ ತೆಗೆದಿರಲಿ.
5. ಕಾಲು ಸುತ್ತು ತಿರುಗಿಸಿ, ಸ್ವಲ್ಪ ಕಾಯಿರಿ, ಕಿವಿಗೊಟ್ಟು ಕೇಳಿ. ಸದ್ದು ಎಲ್ಲಿ ಜೋರಾಗಿ, ಒಂದೇ ಸಮನಾಗಿ ಬರುತ್ತೋ ಅಲ್ಲಿ ಬಿಡಿ.
6. ಆಮೇಲೆ ಇನ್ನೊಂದು ಸ್ಕ್ರೂನಿಂದ ವೇಗ ಇಳಿಸಿ. ಹೊಸ ಸಂಖ್ಯೆಯನ್ನೂ ಬರೆಯಿರಿ.

ಸ್ಕ್ರೂ ಮೇಲೆ ಕಂಪನಿಯ ಮುಚ್ಚಳ ಇದ್ದರೆ ಕೀಳಬೇಡಿ. ತಿಳಿದವರ ಹತ್ತಿರ ಹೋಗಿ.

ಓಡಿಸಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಸುಣ್ಣದಂತೆ ಬಿಳಿ ಇದ್ದರೆ ಕಡಿಮೆ. ಹಾಲು ಹಾಕಿದ ಟೀ ಬಣ್ಣ ಇದ್ದರೆ ಹದ ಸರಿ.

ಒಂದು ಮಾತು ಮಾತ್ರ ಮರೆಯಬೇಡಿ. ಚಳಿ ಅಂತ ಶೆಡ್ಡಿನ ಬಾಗಿಲು ಮುಚ್ಚಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು ಬರುತ್ತೆ, ತಲೆ ಸುತ್ತುತ್ತೆ, ಪ್ರಾಣವೇ ಹೋಗಬಹುದು. ಪೆಟ್ರೋಲ್ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ.

ಈಗಿನ ಹೊಸ ಕಾರುಗಳಲ್ಲಿ ಕಾರ್ಬರೇಟರ್ ಇಲ್ಲ. ಹದವನ್ನು ಯಂತ್ರವೇ ನೋಡಿಕೊಳ್ಳುತ್ತೆ. ಹಳೆ ಗಾಡಿಗೆ ನಾವೇ ನೋಡಬೇಕು.

ಜೆಟ್ಟಿನ ಮೇಲೆ ಒಂದು ಪುಟ್ಟ ನಂಬರ್ ಕೊರೆದಿರುತ್ತಾರೆ. ಮೊದಲು ಅದು ನಿಮಗೆ ಬರೀ ಗೆರೆ. ಈಗ ನೀವು ಅದನ್ನು ಓದಬಲ್ಲಿರಿ. ಓದಿ, ಬರೆದಿಡಿ. ಗಾಡಿಯ ಹೆಸರು, ತಾರೀಕು, ಜೆಟ್ ನಂಬರ್, ಸ್ಕ್ರೂ ಸುತ್ತು: ನಾಲ್ಕೇ ಸಾಲು. ಅವತ್ತು ಆ ನಾಲ್ಕು ಸಾಲು ನಮ್ಮ ಹತ್ತಿರ ಇದ್ದಿದ್ದರೆ ಎರಡನೇ ಸಲ ದುಡ್ಡು ಉಳೀತಿತ್ತು.

ನಾಳೆ ಬರುವಾಗ ಆ ನಾಲ್ಕು ಸಾಲು ಬರೆದು ತನ್ನಿ. ಎಲ್ಲರೂ ಕೂಡಿ ಓದೋಣ.