ಹಾಸಿಗೆ ಹುಣ್ಣು ಮತ್ತು ದಾದಿಯ ಲೆಕ್ಕ

(ಸಂಘದ ಸಭೆಯಲ್ಲಿ ದಾದಿಯೊಬ್ಬರು ಮಾಡಿದ ಭಾಷಣ)



ರೋಗಿಯ ಶುಶ್ರೂಷೆಯಲ್ಲಿ ಸಂಶೋಧನೆ ಎಂಬುದೂ ಉಂಟೇ ಎಂದು ಕೇಳುವವರಿದ್ದಾರೆ. ಔಷಧ ಕಂಡುಹಿಡಿಯುವುದು ಡಾಕ್ಟರರ ಕೆಲಸ, ಹಾಸಿಗೆ ಹಾಸುವುದು ದಾದಿಯ ಕೆಲಸ, ಇದರಲ್ಲಿ ಶೋಧಿಸುವುದೇನು ಎಂಬುದು ಅವರ ಭಾವನೆ. ಅಂಥವರಿಗೆ ಡೊರೀನ್ ನಾರ್ಟನ್ ಎಂಬ ಇಂಗ್ಲಿಷ್ ದಾದಿಯ ಸಂಗತಿಯನ್ನು ತಿಳಿಸಬಯಸುತ್ತೇನೆ.

ಬಹುದಿನ ಮಲಗಿದವರಿಗೆ ಸೊಂಟದಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುವುದನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಕೀವು ಮೂಳೆಗಿಳಿದರೆ ಪ್ರಾಣಕ್ಕೇ ಸಂಚಕಾರ. ಇದಕ್ಕೆ ಹಿಂದೆ ಒಬ್ಬ ದಾದಿ ಸ್ಪಿರಿಟ್ ತಿಕ್ಕುವಳು, ಇನ್ನೊಬ್ಬಳು ಸೋಪು, ಮತ್ತೊಬ್ಬಳು ಎಣ್ಣೆ. ಅವರವರಿಗೆ ಅವರವರದೇ ಸರಿ! ನಾರ್ಟನ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ವಾದಕ್ಕಿಳಿಯದೆ ಲೆಕ್ಕಕ್ಕಿಳಿದರು. 250 ಮಂದಿ ವೃದ್ಧ ರೋಗಿಗಳ ದೇಹಸ್ಥಿತಿ, ಮನಸ್ಸಿನ ಎಚ್ಚರ, ನಡೆದಾಟ, ಹೊರಳುವ ಶಕ್ತಿ, ಮಲಮೂತ್ರದ ಹಿಡಿತ ಇವುಗಳನ್ನು ನೋಡಿ ಒಂದೊಂದಕ್ಕೂ 1ರಿಂದ 4ರವರೆಗೆ ಅಂಕ ಕೊಟ್ಟರು. ಒಟ್ಟು 20. 14 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಅಪಾಯವೆಂದು ಎಣಿಸಿದರು. 1962ರಲ್ಲಿ ವರದಿ ಹೊರಬಂತು. ಯಾವ ಲೇಪ ಹಚ್ಚಿದರೆಂಬುದು ಮುಖ್ಯವಲ್ಲ, ಎಷ್ಟು ಸಲ ಮಗ್ಗುಲು ಬದಲಿಸಿದರೆಂಬುದೇ ಮುಖ್ಯವೆಂದು ಕಂಡುಬಂತು. ಇಷ್ಟು ವರ್ಷ ತಿಕ್ಕಿದ್ದೆಲ್ಲ ವ್ಯರ್ಥ!

ಹಾಗೆಂದು ಅಂಕವೊಂದನ್ನೇ ನಂಬಿ ಕೂರುವಂತಿಲ್ಲ. ಚರ್ಮ ಕೆಂಪಾಗಿ, ಬೆರಳಿನಿಂದ ಒತ್ತಿದರೂ ಬಿಳಿಚದಿದ್ದರೆ ಒಳಗೆ ಕೆಡುಕು ಶುರುವಾಗಿದೆಯೆಂದು ಪಾಠ. ಆ ಪಾಠ ಬಿಳಿಯರ ಮೈ ನೋಡಿ ಬರೆದದ್ದು. ನಮ್ಮ ಕಪ್ಪು ಮೈಯಲ್ಲಿ ಕೆಂಪೆಲ್ಲಿ ಕಂಡೀತು? ಆದಕಾರಣ ಕೈಯಿಂದ ಮುಟ್ಟಿ ಪಕ್ಕದ ಚರ್ಮದೊಡನೆ ಹೋಲಿಸಬೇಕು. ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ, ಮುಟ್ಟಿದರೆ ನೋವೋ? 18 ಅಂಕದ ರೋಗಿಯೇ ಆಗಲಿ, "ಹಿಮ್ಮಡಿ ಉರಿಯುತ್ತದಮ್ಮಾ" ಎಂದರೆ ಕಾಗದ ಬದಿಗಿಟ್ಟು ಹಿಮ್ಮಡಿ ನೋಡಬೇಕು.

ನಿಮ್ಮ ಖೋಲಿಯಲ್ಲಿ ಲಕ್ವ ಹೊಡೆದ ತಂದೆಯೋ ತಾಯಿಯೋ ಇದ್ದರೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿರಿ. ಪಾಳಿಗೆ ಹೋಗುವಾಗ ನೆರೆಯವರಿಗೆ ಒಪ್ಪಿಸಿ ಹೋಗಿರಿ. ಎಳೆಯಬೇಡಿ, ಇಬ್ಬರು ಸೇರಿ ಎತ್ತಿರಿ. ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗದು. ಬಣ್ಣಗೆಟ್ಟ ಜಾಗವನ್ನು ತಿಕ್ಕಬೇಡಿ. ನಡುವೆ ತೂತಿರುವ ರಬ್ಬರ್ ಚಕ್ರಕ್ಕೆ ದುಡ್ಡು ಹಾಕಬೇಡಿ, ಅದು ಸುತ್ತಲಿನ ಚರ್ಮವನ್ನು ಅದುಮುತ್ತದೆ. ಚರ್ಮ ಒಡೆದರೆ, ಕರ್ರಗಾದರೆ, ವಾಸನೆ ಬಂದರೆ ಅಂದೇ ಆಸ್ಪತ್ರೆಗೆ ತೋರಿಸಿರಿ, ರಜೆಯ ದಿನ ಬರಲೆಂದು ಕಾಯಬೇಡಿ.