ಸೊಂಟ ನೋವೆಂದು ಬಂದವರು



ಕುಂದಾಪುರ ತಾಲೂಕಿನ ಸಿದ್ದಾಪುರ ಘಟ್ಟದ ಬುಡದ ಊರು. ಮೇಲಕ್ಕೆ ಹೋದರೆ ಹೊಸಂಗಡಿ, ಬಾಳೆಬರೆ ಘಾಟಿ. ಕೆಳಕ್ಕೆ ಇಳಿದರೆ ಶಂಕರನಾರಾಯಣ, ಹಾಲಾಡಿ. ಸುತ್ತಲೂ ಗದ್ದೆ, ಅಡಿಕೆ ತೋಟ. ಈ ಭಾಗದ ಎಷ್ಟೋ ಗಂಡಸರು ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಹಬ್ಬಕ್ಕೋ ಕೋಲಕ್ಕೋ ಊರಿಗೆ ಬರುತ್ತಾರೆ. ಇಂಥ ಕಡೆ ಒಬ್ಬ ಹೆಂಗಸು ದಾದಿಯ ಎದುರು ಕೂತು, "ಅಕ್ಕಾ, ಸೊಂಟ ನೋವ್, ಸುಸ್ತ್, ಕೂತ್ರೆ ಏಳುಕೇ ಆತಿಲ್ಲೆ" ಎನ್ನುತ್ತಾಳೆ. ದಾದಿ ಶಕ್ತಿಯ ಮಾತ್ರೆ ಕೊಟ್ಟು ಕಳಿಸಿದರೆ ಮಾತು ಅಲ್ಲಿಗೇ ಮುಗಿಯಿತು. "ಬಿಳಿ ಹೋಗುತ್ತದೆಯೇ? ತುರಿಕೆ ಇದೆಯೇ? ಕೆಳಹೊಟ್ಟೆ ನೋಯುತ್ತದೆಯೇ?" ಎಂದು ಮೆಲ್ಲಗೆ ಕೇಳಿದರೆ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಆರೋಗ್ಯ ಕಾರ್ಯಕರ್ತರಿಗೆ ಲೈಂಗಿಕ ಆರೋಗ್ಯದ ತರಬೇತಿ ಎಂದರೆ ಮೊದಲು ಈ ಎರಡನೆಯ ಪ್ರಶ್ನೆಯನ್ನು ಕೇಳಲು ಕಲಿಯುವುದು.

ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ಇಂಥ ತರಬೇತಿಯಲ್ಲಿ ನಾನು ಒಂದು ದಿನ ಕೂತಿದ್ದೆ. ತರಬೇತಿ ಕೊಡುವ ವೈದ್ಯೆ ಹಲಗೆಯ ಮೇಲೆ ದೇಹದ ಚಿತ್ರ ಬರೆದು, "ಈ ಅಂಗಗಳ ಹೆಸರನ್ನು ನಿಮ್ಮ ಊರಿನ ಮಾತಿನಲ್ಲಿ ಹೇಳಿ" ಎಂದರು. ಇಪ್ಪತ್ತೈದು ವರ್ಷ ಹೆರಿಗೆ ಮಾಡಿಸಿದವರೂ ತಲೆ ತಗ್ಗಿಸಿದರು. ನಮ್ಮ ಕಷ್ಟ ನೋಡಿ: ಪುಸ್ತಕದ ಸಂಸ್ಕೃತ ಪದ ರೋಗಿಗೆ ತಿಳಿಯುವುದಿಲ್ಲ, ರೋಗಿಗೆ ತಿಳಿದ ಪದ ಬೈಗುಳವಾಗಿಬಿಟ್ಟಿದೆ. ಹಿರಿಯ ದಾದಿಯೊಬ್ಬರು ಕ್ಯಾಮೆರಾ ನಿಲ್ಲಿಸಲು ಹೇಳಿದರು. ನಿಲ್ಲಿಸಿದ ಮೇಲೆ ಒಂದೊಂದೇ ಹೆಸರು ಬಂತು, ನಗುವೂ ಬಂತು. ನಾನು ವಿಜ್ಞಾನ ಪದವೀಧರ, ನನಗೆ ಇದರಲ್ಲಿ ಸಂಕೋಚವಿಲ್ಲ ಎಂದುಕೊಂಡಿದ್ದೆ. ಆದರೆ ವರ್ಷಗಳ ಹಿಂದೆ ಒಬ್ಬ ವೈದ್ಯರ ಭಾಷಣದಿಂದ, ಕಾಂಡೋಮ್ ಬಳಸುವ ಕ್ರಮ ತೋರಿಸಿದ ಅರ್ಧ ನಿಮಿಷವನ್ನು ಕತ್ತರಿಸಿದವನು ನಾನೇ. ಯಾರೂ ಹೇಳಿರಲಿಲ್ಲ, ಪತ್ರಗಳು ಬಂದಾವು ಎಂಬ ಅಂಜಿಕೆ, ಅಷ್ಟೇ.

ಇನ್ನು ಔಷಧದ ವಿಷಯ. ಪ್ರಯೋಗಾಲಯವಿಲ್ಲದ ಕಡೆ ರೋಗಲಕ್ಷಣಗಳ ಗುಂಪನ್ನು ನೋಡಿಯೇ ಚಿಕಿತ್ಸೆ ಕೊಡುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಚಾರಕ್ಕೆ ತಂದಿತು. ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಇದಕ್ಕೆಂದೇ ಬೂದು, ಹಸಿರು, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು ಎಂದು ಏಳು ಬಣ್ಣದ ಔಷಧ ಪೊಟ್ಟಣಗಳನ್ನು ರೂಪಿಸಿತು. ಮೂತ್ರನಾಳದಿಂದ ಕೀವು ಬಂದರೆ ಬೂದು, ನೀರುಗುಳ್ಳೆಯ ಹರ್ಪಿಸ್ ಹುಣ್ಣಿಗೆ ಕೆಂಪು, ಹೀಗೆ. ಸರಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಬಳಕೆಗೆ ಬಂದದ್ದು ಇವೇ. ರೋಗಿ ಅದೇ ದಿನ ಔಷಧ ಪಡೆದು ಹೋಗುತ್ತಾನೆ, ಇದು ದೊಡ್ಡ ಅನುಕೂಲ. ಆದರೆ ಪದ್ಧತಿಯಲ್ಲಿ ಒಂದು ತೊಡಕಿದೆ. ಹೆಂಗಸರ ಬಿಳಿ ಸೆರಗು ಬಹಳಷ್ಟು ಸಲ ಲೈಂಗಿಕ ಸೋಂಕಲ್ಲ. ದೇಹದಲ್ಲೇ ಇರುವ ಸೂಕ್ಷ್ಮಜೀವಿಗಳ ಸಮತೋಲ ತಪ್ಪಿದರೆ, ಅಥವಾ ಬೂಸ್ಟು ಹೆಚ್ಚಿದರೆ ಅದು ಬರುತ್ತದೆ. ಅರೆಬರೆ ಕಲಿತ ಕಾರ್ಯಕರ್ತೆ "ಗಂಡನಿಂದ ಬಂದದ್ದು" ಎಂದು ಆತುರಪಟ್ಟು ಹೇಳಿದರೆ ಒಂದು ಸಂಸಾರ ಒಡೆಯುತ್ತದೆ. ಇನ್ನೊಂದೆಡೆ ಕ್ಲಮೀಡಿಯದಂಥ ಸೋಂಕು ಎಷ್ಟೋ ಹೆಂಗಸರಲ್ಲಿ ಲಕ್ಷಣವನ್ನೇ ತೋರಿಸದೆ ಗರ್ಭನಾಳವನ್ನು ಕೆಡಿಸುತ್ತದೆ. ಎರಡನ್ನೂ ಹೇಳದ ತರಬೇತಿ ನನ್ನ ದೃಷ್ಟಿಯಲ್ಲಿ ಅಪಾಯಕಾರಿ.

ಸಿಫಿಲಿಸ್ಸಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಪರಂಗಿ ಹುಣ್ಣು ಎಂದು ನಮ್ಮ ಹಿರಿಯರು ಕರೆದ ರೋಗ ಇದೇ. 16ನೆಯ ಶತಮಾನದ ಭಾವಪ್ರಕಾಶದಲ್ಲಿ ಫಿರಂಗ ರೋಗವೆಂದು ಬರುತ್ತದೆ. ಮೊದಲ ಹುಣ್ಣು ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ರೋಗಿ ನಿಶ್ಚಿಂತನಾಗುತ್ತಾನೆ, ರೋಗಾಣು ಒಳಗೇ ಇರುತ್ತದೆ. ಬಸುರಿಯಲ್ಲಿ ಹೊಸದಾಗಿ ತಗಲಿದ ಸಿಫಿಲಿಸ್ಸಿಗೆ ಚಿಕಿತ್ಸೆಯಾಗದಿದ್ದರೆ ಅರ್ಧಕ್ಕೂ ಹೆಚ್ಚು ಬಸಿರುಗಳಲ್ಲಿ ಕೇಡು ಕಟ್ಟಿಟ್ಟದ್ದು: ಮಗು ಹೊಟ್ಟೆಯಲ್ಲೇ ಸಾಯಬಹುದು, ದಿನ ತುಂಬುವ ಮೊದಲೇ ಹುಟ್ಟಬಹುದು, ರೋಗದೊಂದಿಗೇ ಹುಟ್ಟಬಹುದು. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಪರೀಕ್ಷೆ ಆಗುತ್ತದೆ. 1943ರಿಂದ ಪೆನಿಸಿಲಿನ್ ಇದಕ್ಕೆ ಮದ್ದು. ರೋಗ ಇನ್ನೂ ಹೊಸದಾಗಿದ್ದರೆ 24 ಲಕ್ಷ ಯುನಿಟ್ ಬೆಂಜಥೀನ್ ಪೆನಿಸಿಲಿನ್ ಒಂದೇ ಸಲ. ಹಳೆಯದಾಗಿದ್ದರೆ ವಾರಕ್ಕೊಂದರಂತೆ ಮೂರು. ಬಸುರಿಗೆ ಬೇರೆ ಮದ್ದು ಇದರ ಸಮನಲ್ಲ.

ಹಾಗಾದರೆ ಕೊಡಲು ತಡೆ ಏನು? ತರಬೇತಿಯ ದಿನ ಒಬ್ಬ ಕಿರಿಯ ದಾದಿ ಎದ್ದು ಕೇಳಿದಳು: "ಮೇಡಂ, ಇಂಜೆಕ್ಷನ್ ಕೊಟ್ಟು ಏನಾದರೂ ಆದರೆ ಊರಿನವರು ನನ್ನನ್ನು ಬಿಡುತ್ತಾರೆಯೇ?" ಯಾರೂ ನಗಲಿಲ್ಲ. ಪೆನಿಸಿಲಿನ್ನಿನ ಘೋರ ಅಲರ್ಜಿ ಅಪರೂಪ, ಆದರೆ ಇಲ್ಲವೆಂದಲ್ಲ. ಆ ಭಯದಿಂದಲೇ ಅನೇಕ ಕಡೆ ಬಸುರಿಯನ್ನು "ದೊಡ್ಡಾಸ್ಪತ್ರೆಗೆ ಹೋಗಿ" ಎಂದು ಸಾಗಹಾಕುತ್ತಾರೆ. ಸಿದ್ದಾಪುರದ ಆಚೆಯ ಹಳ್ಳಿಯಿಂದ ಕುಂದಾಪುರಕ್ಕೋ ಉಡುಪಿಗೋ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಮನೆಯವರಿಗೆ ಕಾರಣ ಹೇಳಬೇಕು. ಅರ್ಧ ದಾರಿಯಲ್ಲೇ ಚಿಕಿತ್ಸೆ ನಿಲ್ಲುತ್ತದೆ. ವೈದ್ಯೆ ಆ ಹುಡುಗಿಗೆ ಧೈರ್ಯದ ಮಾತು ಹೇಳಲಿಲ್ಲ. ಮೇಜಿನ ಮೇಲೆ ಅಡ್ರಿನಲಿನ್ ಇಟ್ಟು, ಉಸಿರು ಕಟ್ಟಿದರೆ ತೊಡೆಯ ಹೊರಬದಿಯ ಸ್ನಾಯುವಿಗೆ ಹೇಗೆ ಚುಚ್ಚಬೇಕು, ಕಾಲನ್ನು ಹೇಗೆ ಎತ್ತರಿಸಬೇಕು, ಇಂಜೆಕ್ಷನ್ನಿನ ನಂತರ ಎಷ್ಟು ಹೊತ್ತು ಕೂರಿಸಿಕೊಳ್ಳಬೇಕು ಎಂಬುದನ್ನು ಎಲ್ಲರ ಕೈಯಲ್ಲೂ ಮೂರು ಮೂರು ಸಲ ಮಾಡಿಸಿದರು. ನಾನು ಕಂಡ ಪಾಠಗಳಲ್ಲಿ ಅತ್ಯುತ್ತಮವಾದದ್ದು ಅದು.

ಗುಟ್ಟಿನ ಪ್ರಶ್ನೆ ಬೇರೆಯೇ ಇದೆ. ನಗರದಲ್ಲಿ ಆಸ್ಪತ್ರೆಯವರು ಅಪರಿಚಿತರು. ಇಲ್ಲಿ ಆಶಾ ಕಾರ್ಯಕರ್ತೆ ರೋಗಿಯ ನಾದಿನಿಯೇ ಆಗಿರಬಹುದು. 2017ರ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಫಲಿತಾಂಶ ಬಯಲಾಗಬಾರದು ಎಂಬುದು ಅದರ ಮುಖ್ಯ ನಿಯಮ. ಕಾಯಿದೆ ಇದ್ದರೇನು, ಒಂದೇ ಕೋಣೆಯಲ್ಲಿ ಮೂವರು ಸಾಲಾಗಿ ಕೂತಿದ್ದರೆ ಯಾರು ಬಾಯಿ ಬಿಡುತ್ತಾರೆ? ಒಂದು ಪರದೆ, ಒಂದು ಮುಚ್ಚುವ ಬಾಗಿಲು ಬೇಕು.

ಮೈಸೂರಿನ ಅಶೋದಯ ಸಮಿತಿಯ ಅನುಭವ ಇಲ್ಲಿ ನೆನಪಾಗುತ್ತದೆ. ಅಲ್ಲಿ ಲೈಂಗಿಕ ವೃತ್ತಿಯಲ್ಲಿದ್ದವರೇ ಸಂಘಟಿತರಾಗಿ ಕ್ಲಿನಿಕ್ ನಡೆಸುವುದರಲ್ಲಿ ಪಾಲು ಪಡೆದರು, ಬೇರೆ ದೇಶದವರೂ ಬಂದು ಅವರಿಂದ ಕಲಿತರು. ವೈದ್ಯರು ಹೇಗೆ ಮಾತಾಡಿಸಿದರೆ ಮತ್ತೆ ಬರುತ್ತೇವೆ, ಹೇಗೆ ನೋಡಿದರೆ ಬರುವುದಿಲ್ಲ ಎಂಬುದನ್ನು ರೋಗಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ತರಬೇತಿಯ ಕೊನೆಗೆ ಒಂದು ಅಣಕು ಸಂದರ್ಶನವಿತ್ತು. ಆ ಹಿರಿಯ ದಾದಿ ರೋಗಿಯಾದರು, ಕಿರಿಯವಳು ದಾದಿ. "ನಿಮ್ಮ ಯಜಮಾನರಿಗೂ ಮದ್ದು ಆಗಬೇಕಲ್ಲ" ಎಂದಳು ಕಿರಿಯವಳು. "ಅವರು ಮುಂಬಯಿಯಲ್ಲಿ, ದೀಪಾವಳಿಗೆ ಬರುವುದು" ಎಂದರು ಹಿರಿಯರು. ಕೆಲ ಕ್ಷಣ ಮೌನ. ಆಮೇಲೆ ಹುಡುಗಿ ಚೀಟಿಯೊಂದನ್ನು ಬರೆದಳು. ರೋಗದ ಹೆಸರಿಲ್ಲ, ಹೆಂಡತಿಯ ಹೆಸರಿಲ್ಲ. "ಇದನ್ನು ಫೋನಿನಲ್ಲಿ ಕಳಿಸಿ. ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿದರೆ ಸಾಕು. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ 1097ಕ್ಕೆ ಕರೆ ಮಾಡಲಿ, ದುಡ್ಡು ಬೀಳುವುದಿಲ್ಲ. ಮದ್ದು ಮುಗಿಯದೆ ಬಂದರೆ ನಿರೋಧ್ ಇರಲಿ" ಎಂದು ಒಂದೇ ಉಸಿರಿಗೆ ಹೇಳಿದಳು. ಹಿರಿಯರು ಚೀಟಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಅವರು ಕೇಳಿದರೆ ಏನು ಹೇಳಲಿ?" ಎಂದರು. ಅದಕ್ಕೆ ಉತ್ತರ ಹುಡುಕುತ್ತಾ ಇಡೀ ಕೋಣೆ ಊಟದ ಹೊತ್ತನ್ನು ಮರೆತಿತ್ತು.